ಎಸ್‌ಎಸ್‌ಪಿ ಪೋರ್ಟಲ್: ಅರ್ಜಿ ಹಾಕುವುದು ಸಲೀಸು, ಹಣ ಖಾತೆಗೆ ಬರುವುದು ಬೇರೆ ಕೆಲಸ

ಕರ್ನಾಟಕದಲ್ಲಿ ಪಿಯುಸಿಯಿಂದ ಸ್ನಾತಕೋತ್ತರ ಪದವಿವರೆಗೆ ಓದುವವರಿಗೆ ರಾಜ್ಯ ಸರ್ಕಾರದಿಂದ ಬರುವ ಹಣದ ನೆರವಿನಲ್ಲಿ ಬಹುಪಾಲು ಇಂದು ಒಂದೇ ಬಾಗಿಲಿನಿಂದ ಬರುತ್ತದೆ. ಅದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರ ಬಾಯಲ್ಲೂ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ತಾಂತ್ರಿಕ ಶಿಕ್ಷಣ, ವೈದ್ಯಕೀಯ ಶಿಕ್ಷಣ ಹೀಗೆ ಹತ್ತಾರು ಇಲಾಖೆಗಳ ಯೋಜನೆಗಳು ಇದರೊಳಗಿವೆ. ಹಿಂದೆ ಇ-ಪಾಸ್ ಎಂಬ ಹಳೆಯ ಆನ್‌ಲೈನ್ ವ್ಯವಸ್ಥೆಯ ಕಾಲದಲ್ಲಿ ಅರ್ಜಿಯ ಪ್ರಿಂಟ್ ತೆಗೆದು, ಜೆರಾಕ್ಸ್ ಕಟ್ಟನ್ನು ಲಗತ್ತಿಸಿ, ಕಾಲೇಜಿನ ಗುಮಾಸ್ತರ ಕೈಗೆ ಕೊಟ್ಟು, ಅದು ತಾಲ್ಲೂಕು ಕಚೇರಿ ತಲುಪಿತೋ ಇಲ್ಲವೋ ಎಂದು ಕಾಯಬೇಕಿತ್ತು. ಆ ಕಟ್ಟು ಈಗ ಇಲ್ಲ. ಒಂದೇ ಅರ್ಜಿ ತುಂಬಿದರೆ ಸಾಕು, ವಿದ್ಯಾರ್ಥಿ ಯಾವ ಇಲಾಖೆಗೆ, ಯಾವ ಯೋಜನೆಗೆ ಸೇರುತ್ತಾರೆ ಎಂಬುದನ್ನು ಪೋರ್ಟಲ್ಲೇ ಗುರುತಿಸುತ್ತದೆ. ಈ ವ್ಯವಸ್ಥೆಯ ವಿನ್ಯಾಸ ಸರಿಯಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರುವುದು ಅರ್ಜಿಯ ಆಚೆ ಮತ್ತು ಈಚೆ. ಅರ್ಜಿ ತೆರೆಯುವ ಮೊದಲು ನಾಡಕಚೇರಿ, ಆಧಾರ್, ಕಾಲೇಜು ಮೂರೂ ಕಡೆ ದಾಖಲೆ ಹೊಂದಿಕೆಯಾಗಿರಬೇಕು. ಮಂಜೂರಾದ ಮೇಲೆ ಬ್ಯಾಂಕ್ ಖಾತೆ ಸರಿಯಾಗಿ ಜೋಡಣೆಯಾಗಿರಬೇಕು. ಈ ಎರಡು ತುದಿಗಳ ಬಗ್ಗೆ ಪೋರ್ಟಲ್ ವಿದ್ಯಾರ್ಥಿಗೆ ಹೇಳುವುದು ತೀರಾ ಕಡಿಮೆ. ಹಣ ಬಾರದೆ ಉಳಿಯುವ ಎಷ್ಟೋ ಅರ್ಜಿಗಳು ಕೆಡುವುದು ಅಲ್ಲೇ.

ಖಾತೆ ತೆರೆಯುವ ಹಂತದಿಂದಲೇ ನೋಡೋಣ. ಮೊದಲ ಪುಟದಲ್ಲಿ ಖಾತೆ ಸೃಜಿಸುವ ಆಯ್ಕೆ ಒತ್ತಿದರೆ ಆಧಾರ್ ಸಂಖ್ಯೆ, ಆಧಾರ್‌ನಲ್ಲಿರುವಂತೆ ಹೆಸರು ಮತ್ತು ಲಿಂಗ ಕೇಳುತ್ತದೆ. ಇಲ್ಲಿ ಒಂದು ಅಕ್ಷರ ಆಚೀಚೆ ಆದರೂ ಮುಂದೆ ಹೋಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ನಡುವೆ ಒಂದು ಚುಕ್ಕೆ, ಕೊನೆಗೊಂದು ಹೆಚ್ಚುವರಿ ‘ಎ’: ಇವೆಲ್ಲ ಸಣ್ಣ ವ್ಯತ್ಯಾಸದಂತೆ ಕಂಡರೂ ಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳೇ. ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಖಾಲಿ ಜಾಗದ ಸಮೇತ ಹಾಗೆಯೇ ಟೈಪ್ ಮಾಡಬೇಕು. ಆಧಾರ್‌ನ ಹೆಸರೇ ತಪ್ಪಾಗಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಖಾತೆ ತೆರೆಯಿರಿ. ಖಾತೆ ತೆರೆದು ನಂತರ ಆಧಾರ್ ತಿದ್ದಿಸಿದರೆ ಎರಡು ಕಡೆಯ ಹೆಸರು ಬೇರೆಯಾಗಿ, ಹೊಸ ತಲೆನೋವು ಶುರುವಾಗುತ್ತದೆ.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅರ್ಜಿ ತುಂಬಲು ಸೈಬರ್ ಸೆಂಟರ್‌ಗೆ ಹೋದಾಗ ಗಡಿಬಿಡಿಯಲ್ಲಿ ಅಂಗಡಿಯವರು ತಮ್ಮದೇ ಸಂಖ್ಯೆ ಹಾಕಿ ಒಟಿಪಿ ಮುಗಿಸಿಬಿಡುವುದುಂಟು. ಆ ವರ್ಷ ಏನೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಪಾಸ್‌ವರ್ಡ್ ಮರೆತಾಗ ಒಟಿಪಿ ಅಂಗಡಿಯವರ ಫೋನಿಗೆ ಹೋಗುತ್ತದೆ, ಅಷ್ಟರಲ್ಲಿ ಆ ಅಂಗಡಿಯೇ ಮುಚ್ಚಿರಬಹುದು. ಸ್ವಂತ ಅಥವಾ ಮನೆಯವರ ಸಂಖ್ಯೆಯನ್ನೇ ಕೊಟ್ಟು, ಎಸ್‌ಎಸ್‌ಪಿ ಐಡಿ ಮತ್ತು ಪಾಸ್‌ವರ್ಡ್ ಎರಡನ್ನೂ ನೋಟ್‌ಬುಕ್ಕಿನ ಹಿಂದೆ ಬರೆದಿಡಿ. ಈ ಐಡಿ ಪ್ರತಿ ವರ್ಷ ಬದಲಾಗುವುದಿಲ್ಲ, ಓದು ಮುಗಿಯುವವರೆಗೂ ಅದೇ ಐಡಿ. ಹೊಸದಾಗಿ ಇನ್ನೊಂದು ಖಾತೆ ತೆರೆಯಲು ಹೋಗಬೇಡಿ, ಆಧಾರ್ ಒಂದೇ ಆಗಿರುವುದರಿಂದ ಅದು ಆಗುವುದೂ ಇಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಹಾಕುವ ಅಗತ್ಯ ಇಲ್ಲ ಎಂಬುದು ಈ ಪೋರ್ಟಲ್‌ನ ದೊಡ್ಡ ಅನುಕೂಲ. ನಾಡಕಚೇರಿಯಿಂದ ಬಂದ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನು ಹಾಕಿದರೆ ವಿವರ ತಾನಾಗಿ ಬರುತ್ತದೆ. ಆದರೆ ಇಲ್ಲೂ ಕೆಲವು ಕಡೆ ಎಡವುವುದು ಸುಲಭ. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಸಾಲಕ್ಕೋ ಪಡಿತರ ಚೀಟಿಗೋ ಎಂದು ಅಪ್ಪನ ಹೆಸರಿನಲ್ಲಿ ತೆಗೆಸಿದ ಆದಾಯ ಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಹೆಸರು ಹೊಂದುವುದಿಲ್ಲ. ಕೇಂದ್ರ ಸರ್ಕಾರದ ಹುದ್ದೆ, ಪ್ರವೇಶಗಳಿಗಾಗಿ ಮಾಡಿಸುವ ಒಬಿಸಿ ಪ್ರಮಾಣಪತ್ರ ಬೇರೆ, ರಾಜ್ಯದ ಪ್ರವರ್ಗದ ಪ್ರಮಾಣಪತ್ರ ಬೇರೆ. ಇಲ್ಲಿ ಬೇಕಾದದ್ದು ಎರಡನೆಯದು.

ಅವಧಿಯ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಆದಾಯ ಪ್ರಮಾಣಪತ್ರಕ್ಕೆ, ಹಾಗೂ 2ಎ, 3ಎ, 3ಬಿ ಮುಂತಾದವರ ಜಾತಿ-ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಒಂಬತ್ತು, ಹತ್ತನೇ ತರಗತಿಯಲ್ಲಿ ತೆಗೆಸಿದ ಪತ್ರ ಪಿಯುಸಿ ಎರಡು ವರ್ಷಕ್ಕೆ ನಡೆಯುತ್ತದೆ, ಪದವಿಯ ನಡುವೆ ಕೈಕೊಡುತ್ತದೆ. ಅರ್ಜಿಯ ಕೊನೆಯ ವಾರದಲ್ಲಿ ಇದು ಗೊತ್ತಾದರೆ ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ ಮುಗಿದು ಹೊಸ ಆರ್‌ಡಿ ಸಂಖ್ಯೆ ಬರುವಷ್ಟರಲ್ಲಿ ಪೋರ್ಟಲ್ ಮುಚ್ಚಿರುತ್ತದೆ. ಕಾಲೇಜು ಪ್ರವೇಶದ ವಾರದಲ್ಲೇ ಪತ್ರದ ದಿನಾಂಕ ನೋಡಿ, ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಆಗಲೇ ಹೊಸದಕ್ಕೆ ಅರ್ಜಿ ಕೊಡುವುದು ಜಾಣತನ.

ಇನ್ನು ಇ-ದೃಢೀಕರಣ. ಪೋರ್ಟಲ್‌ನ ಅತ್ಯಂತ ಉಪಯುಕ್ತ ಭಾಗವೂ ಇದೇ, ಅತಿ ಹೆಚ್ಚು ದಿನ ತಿನ್ನುವ ಭಾಗವೂ ಇದೇ. ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ, ಹಾಸ್ಟೆಲ್ ಪತ್ರ ಇವು ನಾಡಕಚೇರಿಯ ದಾಖಲೆಗಳಲ್ಲ, ಹಾಗಾಗಿ ವಿದ್ಯಾರ್ಥಿ ಅವನ್ನು ಮೊದಲು ಇ-ದೃಢೀಕರಣ ವಿಭಾಗದಲ್ಲಿ ಅಪ್‌ಲೋಡ್ ಮಾಡಬೇಕು. ಕಾಲೇಜಿನ ನಿಯೋಜಿತ ಅಧಿಕಾರಿ ಅದನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಒಂದು ಇ-ದೃಢೀಕರಣ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದರೆ ಮಾತ್ರ ದಾಖಲೆ ಸೇರಿದಂತೆ.

ಬಹಳಷ್ಟು ಕಾಲೇಜುಗಳಲ್ಲಿ ಈ ಕೆಲಸ ಒಬ್ಬರೋ ಇಬ್ಬರೋ ಕೈಯಲ್ಲಿರುತ್ತದೆ. ಅವರಿಗೆ ಪಾಠವೂ ಇರುತ್ತದೆ, ಪರೀಕ್ಷೆಯ ಕೆಲಸವೂ ಇರುತ್ತದೆ. ಕೊನೆಯ ಮೂರು ದಿನ ನೂರಾರು ಅರ್ಜಿ ಒಟ್ಟಿಗೆ ಬಂದು ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಪ್‌ಲೋಡ್ ಮಾಡಿ ಸುಮ್ಮನೆ ಕೂರದೆ, ಮೂಲ ರಸೀದಿ ಹಿಡಿದು ಅವರ ಬಳಿ ಹೋಗಿ ‘ಸಾರ್, ಇವತ್ತು ಅಪ್‌ಲೋಡ್ ಮಾಡಿದ್ದೇನೆ, ಸ್ವಲ್ಪ ನೋಡಿ’ ಎಂದು ಹೇಳಿ ಬರಬೇಕು. ತಿರಸ್ಕೃತವಾದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ರಸೀದಿಯ ಫೋಟೋ ಮಸುಕು, ಹಿಂದಿನ ವರ್ಷದ ವ್ಯಾಸಂಗ ಪತ್ರ, ಕೋರ್ಸಿನ ಹೆಸರು ಒಂದು ಕಡೆ ಬಿಎಸ್ಸಿ ಇನ್ನೊಂದು ಕಡೆ ಬಿಎಸ್ಸಿ ಆನರ್ಸ್, ಅಥವಾ ಟೈಪ್ ಮಾಡಿದ ಮೊತ್ತ ರಸೀದಿಗೆ ಹೊಂದದಿರುವುದು.

ಮೊತ್ತದ ಬಗ್ಗೆ ಒಂದು ಮಾತು. ಶುಲ್ಕದ ಮರುಪಾವತಿಗೆ ಲೆಕ್ಕಕ್ಕೆ ಬರುವುದು ಕಡ್ಡಾಯವಾದ, ವಾಪಸ್ ಬಾರದ ಶುಲ್ಕಗಳು ಮಾತ್ರ. ಲೈಬ್ರರಿ ಡಿಪಾಸಿಟ್, ಕಾಶನ್ ಮನಿಯಂತಹ ಕೊನೆಗೆ ಮರಳಿ ಸಿಗುವ ಹಣ ಸೇರುವುದಿಲ್ಲ. ಕಾಲೇಜು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತದ ರಸೀದಿ ಕೊಟ್ಟಿದ್ದರೆ, ತಲೆಬರಹವಾರು ಬಿಡಿಸಿದ ರಸೀದಿ ಕೇಳಿ ಪಡೆಯಬೇಕು. ಅದನ್ನು ಕೇಳುವ ಹಕ್ಕು ವಿದ್ಯಾರ್ಥಿಗಿದೆ, ಹಿಂಜರಿಯಬೇಕಾಗಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಯೋಜನೆಯಡಿ ಹಣ ಬರುವುದಿಲ್ಲ. ಇದನ್ನು ಪ್ರವೇಶದ ಹೊತ್ತಿನಲ್ಲೇ ತಿಳಿದಿರಬೇಕು, ಏಕೆಂದರೆ ‘ಸ್ಕಾಲರ್‌ಶಿಪ್ ಬರುತ್ತೆ ಬಿಡಿ’ ಎಂಬ ಭರವಸೆಯ ಮೇಲೆ ಸೀಟು ತೆಗೆದುಕೊಂಡು ಸಾಲಕ್ಕೆ ಬೀಳುವ ಮನೆಗಳಿವೆ. ಹಾಗೆಯೇ ಬಿಎ ಮುಗಿಸಿ ಮತ್ತೆ ಬಿಕಾಂ ಸೇರುವಂತೆ ಒಂದೇ ಹಂತದ ಇನ್ನೊಂದು ಕೋರ್ಸಿಗೂ ಇಲ್ಲ.

ಎಷ್ಟು ಹಣ ಬರುತ್ತದೆ ಎಂಬುದು ಪೋರ್ಟಲ್‌ನಲ್ಲಿ ಮೊದಲೇ ಕಾಣುವಂತಿರಬೇಕಿತ್ತು. ಅರ್ಜಿ ಸಲ್ಲಿಸಿದ ವಿದ್ಯಾರ್ಥಿಗೆ ತನಗೆ ಯಾವ ಯೋಜನೆಯಲ್ಲಿ ಎಷ್ಟು ಬರಬೇಕು ಎಂಬ ಅಂದಾಜು ಸಿಗದೇ ಇದ್ದರೆ, ಬಂದದ್ದು ಪೂರ್ತಿಯೋ ಅರ್ಧವೋ ಎಂದು ತಿಳಿಯುವುದು ಹೇಗೆ? ಇದು ಈ ಸೇವೆಯ ದೊಡ್ಡ ಕೊರತೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಶುಲ್ಕದ ಜೊತೆಗೆ ವರ್ಷಕ್ಕೊಮ್ಮೆ ಶೈಕ್ಷಣಿಕ ಭತ್ಯೆ ಇದೆ. ವೃತ್ತಿಪರ ಪದವಿಗಳ ಮೊದಲ ಗುಂಪಿಗೆ ಹಾಸ್ಟೆಲ್‌ನಲ್ಲಿದ್ದರೆ 13,500, ಮನೆಯಿಂದ ಹೋಗಿಬರುವವರಿಗೆ 7,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂನಂತಹ ಸಾಮಾನ್ಯ ಪದವಿಗಳಿಗೆ 6,000 ಮತ್ತು 3,000. ಪಿಯುಸಿ, ಐಟಿಐ ಹಂತಕ್ಕೆ 4,000 ಮತ್ತು 2,500. ಅಂಗವಿಕಲ ವಿದ್ಯಾರ್ಥಿಗಳಿಗೆ ಇದರ ಮೇಲೆ ಶೇ. 10 ಹೆಚ್ಚು.

ಈ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40, ಮತ್ತು ಎರಡೂ ಬೇರೆ ಬೇರೆಯಾಗಿ ಬರುತ್ತವೆ. ರಾಜ್ಯ ತನ್ನ ಪಾಲು ಕೊಟ್ಟದ್ದು ಖಚಿತವಾದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ. ಮೊದಲ ಕಂತು ನೋಡಿ ‘ಇಷ್ಟೇನಾ ಬಂದಿದ್ದು’ ಎಂದು ಕಂಗಾಲಾಗುವವರೂ, ‘ಇಷ್ಟೇ’ ಎಂದುಕೊಂಡು ಉಳಿದದ್ದನ್ನು ಮರೆಯುವವರೂ ಇದ್ದಾರೆ. ಶುಲ್ಕದ ಹಣ ವಿದ್ಯಾರ್ಥಿಯ ಖಾತೆಗೇ ಬರುವುದರಿಂದ, ಅದು ಬಂದ 7 ದಿನದೊಳಗೆ ಕಾಲೇಜಿಗೆ ಕಟ್ಟಬೇಕೆಂಬುದು ನಿಯಮ. ಮನೆಯಲ್ಲಿ ಬೇರೆ ಖರ್ಚು ಕಾದಿರುವಾಗ ಇದು ಕಷ್ಟವೇ. ಆದರೂ ಆ ಹಣವನ್ನು ಬೇರೆಯಾಗಿಯೇ ಇಡಬೇಕು, ಇಲ್ಲದಿದ್ದರೆ ಪರೀಕ್ಷೆಯ ಹಾಲ್ ಟಿಕೆಟ್ ಸಮಯದಲ್ಲಿ ಕಾಲೇಜಿನೊಂದಿಗೆ ಜಟಾಪಟಿಯಾಗುತ್ತದೆ.

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾಸಿರಿ ಎಂದು ಬೇರೆ ಬೇರೆ ಯೋಜನೆಗಳಿವೆ. ವಿದ್ಯಾಸಿರಿ ಊಟ ಮತ್ತು ವಸತಿಯ ನೆರವು, ತಿಂಗಳ ಲೆಕ್ಕದಲ್ಲಿ ವರ್ಷಕ್ಕೆ 10 ತಿಂಗಳಿಗೆ. ಸರ್ಕಾರಿ ಹಾಸ್ಟೆಲ್ ಸಿಗದೆ ರೂಮು, ಪಿಜಿ ಮಾಡಿಕೊಂಡಿರುವವರಿಗಾಗಿ ಇದು ಇರುವುದು. ಇಲಾಖೆಯ ಹಾಸ್ಟೆಲ್‌ನಲ್ಲಿದ್ದುಕೊಂಡು ಇದನ್ನು ಕೇಳುವಂತಿಲ್ಲ, ಸ್ವಂತ ಊರಿನಲ್ಲೇ ಓದುವವರಿಗೂ ಇಲ್ಲ. ಅರ್ಜಿಯಲ್ಲಿ ಖಾಯಂ ವಿಳಾಸ ತುಂಬುವಾಗ ಕಾಲೇಜಿರುವ ಊರಿನ ಬಾಡಿಗೆ ಮನೆಯ ವಿಳಾಸ ಹಾಕಿಬಿಟ್ಟರೆ, ಪೋರ್ಟಲ್ ನಿಮ್ಮನ್ನು ಅದೇ ಊರಿನವರೆಂದು ಲೆಕ್ಕ ಹಾಕುತ್ತದೆ. ಒಂದೇ ಸಾಲಿನ ಈ ತಪ್ಪು ಇಡೀ ವರ್ಷದ ನೆರವನ್ನು ಕಳೆಯಬಲ್ಲದು. ಬೆಂಗಳೂರಿನಂತಹ ಊರಿನಲ್ಲಿ ಈ ಹಣಕ್ಕೆ ತಿಂಗಳ ಊಟವೂ ಆಗುವುದಿಲ್ಲ. ಆದರೆ ಹಾಸನದಲ್ಲೋ ಕೊಪ್ಪಳದಲ್ಲೋ ನಾಲ್ಕು ಜನ ಸೇರಿ ರೂಮು ಮಾಡಿಕೊಂಡಿರುವ ಹುಡುಗರಿಗೆ ಇದು ಬಾಡಿಗೆಯ ಚಿಂತೆ ಕಳೆಯುತ್ತದೆ.

ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಆಧಾರವಾಗಿರುವುದು ತಂದೆ ಅಥವಾ ತಾಯಿಯ ಫ್ರೂಟ್ಸ್ ಸಂಖ್ಯೆ, ಅಂದರೆ ಸರ್ಕಾರದ ರೈತರ ನೋಂದಣಿಯಲ್ಲಿ ಸಿಗುವ ಗುರುತಿನ ಸಂಖ್ಯೆ. ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದು, ಅಪ್ಪ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ನೋಂದಣಿ ಇಲ್ಲದಿದ್ದರೆ ಇದು ಸಿಗುವುದು ಕಷ್ಟ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು) ಮಾಡಿಸದೆ ಬಿಟ್ಟ ಮನೆಗಳು ಕಳೆದುಕೊಳ್ಳುವುದರಲ್ಲಿ ಇದೂ ಒಂದು. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಹಣ ಬರುವ ತುದಿಗೆ ಬರೋಣ. ಕಾಲೇಜು ದೃಢೀಕರಿಸಿ, ತಾಲ್ಲೂಕು ಮಟ್ಟದ ಅಧಿಕಾರಿ ಪರಿಶೀಲಿಸಿ, ಮಂಜೂರಾದ ಮೇಲೆ ಬಿಲ್ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರ ಮೂಲಕ ಸಾಗಿ ನೇರ ನಗದು ವರ್ಗಾವಣೆ (ಡಿಬಿಟಿ) ಆಗುತ್ತದೆ. ಎಸ್‌ಎಸ್‌ಪಿ ಎಲ್ಲೂ ಬ್ಯಾಂಕ್ ಖಾತೆ ಸಂಖ್ಯೆ ಕೇಳುವುದಿಲ್ಲ ಎಂಬುದನ್ನು ಗಮನಿಸಿ. ಹಣ ಹೋಗುವುದು ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿ ಹೇಳುತ್ತದೆ, ಅಲ್ಲಿಗೆ ಹಣ. ಈ ಪಟ್ಟಿಗೆ ಖಾತೆಯನ್ನು ಜೋಡಿಸುವುದನ್ನೇ ಮ್ಯಾಪಿಂಗ್, ಸೀಡಿಂಗ್ ಎನ್ನುವುದು.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಿದರೆ ‘ಆಗಿದೆ’ ಎನ್ನುತ್ತಾರೆ. ಅದು ಕೆವೈಸಿಗಾಗಿ, ಅಂದರೆ ಗುರುತಿನ ದಾಖಲೆಯಾಗಿ ಕೊಟ್ಟ ಆಧಾರ್ ಆಗಿರಬಹುದು. ಕೇಳಬೇಕಾದ ಪ್ರಶ್ನೆ: ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ, ಡಿಬಿಟಿಗೆ ಆಧಾರ್ ಸೀಡಿಂಗ್ ಆಗಿದೆಯಾ?’ ಆಗಿಲ್ಲದಿದ್ದರೆ ಒಪ್ಪಿಗೆ ಪತ್ರವೊಂದಿದೆ, ಅದನ್ನು ತುಂಬಿ ಸಹಿ ಮಾಡಿ ಕೊಡಬೇಕು. ಎಷ್ಟೇ ಖಾತೆಗಳಿರಲಿ, ಸರ್ಕಾರದ ಹಣ ಬರುವುದು ಕೊನೆಯದಾಗಿ ಮ್ಯಾಪ್ ಆದ ಒಂದೇ ಬ್ಯಾಂಕಿಗೆ. ಹೊಸ ಸಿಮ್ ಜೊತೆಗೋ ಯಾವುದೋ ಆ್ಯಪ್ ಮೂಲಕವೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಷರತ್ತು ಓದದೆ ಒಪ್ಪಿಗೆ ಒತ್ತಿದ್ದರೆ ಮ್ಯಾಪಿಂಗ್ ಅಲ್ಲಿಗೆ ಬದಲಾಗಿರಬಹುದು. ‘ಸ್ಕಾಲರ್‌ಶಿಪ್ ಬಂದೇ ಇಲ್ಲ’ ಎನ್ನುವವರಲ್ಲಿ ಎಷ್ಟೋ ಜನರ ಹಣ ಅವರು ಮರೆತ ಖಾತೆಯಲ್ಲಿ ಕೂತಿರುತ್ತದೆ.

ನೋಡುವುದು ಸುಲಭ. ಮೈಆಧಾರ್ ಜಾಲತಾಣಕ್ಕೆ ಒಟಿಪಿ ಮೂಲಕ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದರೆ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಇದರ ಜೊತೆಗೆ ಯಾವ ದಿನ, ಯಾವ ಯೋಜನೆಯಡಿ, ಎಷ್ಟು ಹಣ, ಯಾವ ಬ್ಯಾಂಕಿಗೆ ಹೋಗಿದೆ ಎಂಬುದೂ ಸಿಗುತ್ತದೆ. ಎಸ್‌ಎಸ್‌ಪಿಯ ಸ್ಥಿತಿ ಪುಟಕ್ಕಿಂತ ಈ ಆ್ಯಪ್ ಎಷ್ಟೋ ಸ್ಪಷ್ಟ. ಎಸ್‌ಎಸ್‌ಪಿಯಲ್ಲಿ ವರ್ಷ ಆರಿಸಿ ಐಡಿ ಹಾಕಿದರೆ ಅರ್ಜಿ ಯಾರ ಹಂತದಲ್ಲಿದೆ ಎಂದು ತೋರಿಸುತ್ತದೆ, ಆದರೆ ಯಾಕೆ ನಿಂತಿದೆ, ಯಾರನ್ನು ಕಾಣಬೇಕು ಎಂದು ಸರಳ ಕನ್ನಡದಲ್ಲಿ ಹೇಳುವುದಿಲ್ಲ. ಹದಿನೇಳು ವರ್ಷದ ಹುಡುಗಿಗೆ ಅರ್ಥವಾಗದ ಸ್ಥಿತಿ ಸಂದೇಶ ಇದ್ದರೆಷ್ಟು, ಬಿಟ್ಟರೆಷ್ಟು. ಇದನ್ನು ಸರಿಪಡಿಸಲು ಹೊಸ ಯೋಜನೆ ಬೇಕಿಲ್ಲ, ಒಂದೆರಡು ವಾಕ್ಯ ತಿದ್ದಿ ಬರೆದರೆ ಸಾಕು.

ಮ್ಯಾಪಿಂಗ್ ಸರಿಯಿದ್ದರೂ ಹಣ ವಾಪಸ್ ಹೋಗುವುದುಂಟು. ಶಾಲೆಯಲ್ಲಿದ್ದಾಗ ಮೈನರ್ ಆಗಿ ತೆರೆದ ಖಾತೆಗೆ 18 ತುಂಬಿದ ಮೇಲೆ ಹೊಸ ಸಹಿ, ಕೆವೈಸಿ ಕೊಡದಿದ್ದರೆ ಬ್ಯಾಂಕ್ ವಹಿವಾಟು ತಡೆಯಬಹುದು. ಪೂರ್ಣ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಯಲ್ಲಿ ಒಮ್ಮೆಗೆ 50,000ಕ್ಕಿಂತ ಹೆಚ್ಚು ಬಾಕಿ ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ. ಎಂಜಿನಿಯರಿಂಗ್, ನರ್ಸಿಂಗ್ ಶುಲ್ಕ ಒಟ್ಟಿಗೆ ಬಂದಾಗ ಈ ಮಿತಿಗೆ ತಾಗಿ ಹಣ ಹಿಂದೆ ಹೋಗುತ್ತದೆ. ಶಾಖೆಗೆ ಹೋಗಿ ಪೂರ್ಣ ಕೆವೈಸಿ ಕೊಟ್ಟು ಸಾಮಾನ್ಯ ಉಳಿತಾಯ ಖಾತೆಗೆ ಬದಲಿಸಿಕೊಳ್ಳಿ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆಯನ್ನು ನಿಷ್ಕ್ರಿಯ ಎನ್ನುತ್ತಾರೆ, ಆದರೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಿದ್ಯಾರ್ಥಿವೇತನಕ್ಕಾಗಿ ತೆರೆದ ಖಾತೆಗೆ ಈ ಕಾರಣದಿಂದ ಹಣ ತಡೆಯುವಂತಿಲ್ಲ. ಶಾಖೆಯಲ್ಲಿ ತಕರಾರು ಬಂದರೆ ಇದನ್ನು ನೆನಪಿಸಬಹುದು. ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದೇ ಆಗಿವೆ. ಅಲ್ಲಿ ಖಾತೆ ಇರುವವರು ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಸೀಡಿಂಗ್ ಸಕ್ರಿಯವಾಗಿದೆಯೇ ಎಂದು ನೋಡಿಕೊಂಡರೆ ಒಳ್ಳೆಯದು, ಏಕೆಂದರೆ ಆಧಾರ್ ಪಾವತಿಗೆ ಐಎಫ್‌ಎಸ್‌ಸಿ ಬೇಕಿಲ್ಲ.

ದೂರು ಎಲ್ಲಿ ಕೊಡಬೇಕು ಎಂಬುದು ಎಲ್ಲಿ ನಿಂತಿದೆ ಎಂಬುದರ ಮೇಲೆ ಹೋಗುತ್ತದೆ. ಇ-ದೃಢೀಕರಣ ಬಾಕಿ ಇದ್ದರೆ ಪ್ರಾಂಶುಪಾಲರು. ಪರಿಶೀಲನೆ, ಮಂಜೂರಾತಿ ಬಾಕಿ ಇದ್ದರೆ ಸಂಬಂಧಿಸಿದ ಇಲಾಖೆಯ ತಾಲ್ಲೂಕು ಕಚೇರಿ. ಹೋಗುವಾಗ ಎಸ್‌ಎಸ್‌ಪಿ ಐಡಿ, ಅರ್ಜಿಯ ಪ್ರಿಂಟ್, ಸೀಡಿಂಗ್ ಸ್ಥಿತಿಯ ಪ್ರಿಂಟ್ ಈ ಮೂರೂ ಕೈಯಲ್ಲಿರಲಿ. ‘ಬ್ಯಾಂಕ್ ಲಿಂಕ್ ಇಲ್ಲ, ಹೋಗಿ ಸರಿ ಮಾಡಿಸಿ’ ಎಂದು ವಾಪಸ್ ಕಳಿಸಲು ಮೂರನೆಯ ಕಾಗದ ಅವಕಾಶ ಕೊಡುವುದಿಲ್ಲ. ಬಾಯಿಮಾತಿನ ಬದಲು ಒಂದು ಪುಟದ ಮನವಿ ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅದಕ್ಕೂ ಉತ್ತರ ಬಾರದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಸಂಖ್ಯೆ ಪಡೆಯಿರಿ. ಹಣ ಕಳಿಸಲಾಗಿದೆ ಎಂದು ಡಿಬಿಟಿ ಆ್ಯಪ್ ತೋರಿಸುತ್ತಿದ್ದರೆ ಇಲಾಖೆಗೆ ಅಲೆದು ಪ್ರಯೋಜನವಿಲ್ಲ, ಅದರಲ್ಲಿ ಕಾಣುವ ಬ್ಯಾಂಕಿನ ಶಾಖೆಗೇ ಹೋಗಬೇಕು.

ಕೊನೆಯ ವರ್ಷದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಪದವಿ ಮುಗಿದು ಅಂಕಪಟ್ಟಿ ಕೈಗೆ ಬಂದ ಮೇಲೂ ಆ ವರ್ಷದ ಹಣ, ಅದರಲ್ಲೂ ಎರಡನೆಯ ಪಾಲು, ಬಾಕಿ ಇರಬಹುದು. ಕೆಲಸಕ್ಕೆ ಸೇರಿದ ಕಂಪನಿ ಸಂಬಳದ ಖಾತೆ ತೆರೆಯುವಾಗ ಡಿಬಿಟಿ ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಬೇಡಿ. ಹಾಕಿದರೆ ಮುಂದಿನ ಹಣ ಆ ಖಾತೆಗೆ ಬರುತ್ತದೆ ಎಂಬುದನ್ನು ಮನೆಯಲ್ಲಿ ಹೇಳಿಡಿ. ಹಳೆಯ ಖಾತೆ ಮುಚ್ಚುವ ಮೊದಲು, ಆಧಾರ್‌ಗೆ ಜೋಡಿಸಿದ ಸಿಮ್ ಬಿಡುವ ಮೊದಲು, ಡಿಬಿಟಿ ಆ್ಯಪ್ ತೆರೆದು ಪ್ರತಿ ವರ್ಷದ ಎದುರೂ ಹಣ ಜಮೆಯಾಗಿದೆಯೇ ಎಂದು ಒಂದೊಂದಾಗಿ ನೋಡಿ.